ಕ್ರಾಂತಿಯ ಒಕ್ಕಣೆ ಬರೆದ ಉಪಾಧ್ಯಾಯ

ಹಳ್ಳಿಯ ಉಪಾಧ್ಯಾಯನ ಕೆಲಸ ಶಾಲೆಯ ಕಡೆಯ ಗಂಟೆಯೊಡನೆ ಮುಗಿಯುವುದಿಲ್ಲ. ಹಗಲೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದವನ ಮನೆಬಾಗಿಲಿಗೆ ಸಂಜೆಯಾಗುತ್ತಲೇ ಆ ಮಕ್ಕಳ ತಂದೆಯರು ಬಂದು ನಿಲ್ಲುತ್ತಾರೆ. ಒಬ್ಬನಿಗೆ ದೂರದೂರಿನಿಂದ ಬಂದ ಕಾಗದವನ್ನು ಓದಿಸಬೇಕು. ಇನ್ನೊಬ್ಬನಿಗೆ ತಾನು ಹೆಬ್ಬೆಟ್ಟು ಒತ್ತಿದ ಪತ್ರದಲ್ಲಿ ಏನು ಬರೆದಿತ್ತೆಂಬುದನ್ನು ತಿಳಿಯಬೇಕು. ಮತ್ತೊಬ್ಬನಿಗೆ ಸರ್ಕಾರಕ್ಕೆ ಅರ್ಜಿಯೊಂದನ್ನು ಬರೆಸಬೇಕು. ಯಾರ ಹೊಲ ಯಾರಿಗೆ ಒತ್ತೆಯಾಗಿದೆ, ಯಾರ ಮೇಲೆ ಯಾವ ವ್ಯಾಜ್ಯ ನಡೆದಿದೆ, ಯಾವ ಅಧಿಕಾರಿ ಯಾರ ಮಾತು ಕೇಳುತ್ತಾನೆ, ಇವೆಲ್ಲವೂ ಅವನಿಗೆ ಗೊತ್ತು. ಸಂಬಳ ಅಲ್ಪ, ಮನ್ನಣೆ ಬಹಳ. ಲೋಕದ ಎಷ್ಟೋ ಕ್ರಾಂತಿಗಳ ಮೊದಲ ಪುಟದಲ್ಲಿ ಹಳ್ಳಿಯ ಉಪಾಧ್ಯಾಯನೊಬ್ಬ ಕಾಣಿಸಿಕೊಂಡರೆ ಅದರಲ್ಲಿ ಆಶ್ಚರ್ಯಪಡುವಂತಹದೇನೂ ಇಲ್ಲ. ಅನ್ಯಾಯವನ್ನು ಅನುಭವಿಸುವವರು ಊರ ತುಂಬ ಇರುತ್ತಾರೆ. ಅದನ್ನು ಬರೆಯಬಲ್ಲವನು ಊರಿಗೊಬ್ಬನೋ ಇಬ್ಬರೋ.

ಮೆಕ್ಸಿಕೊ ದೇಶದ ಮೊರೆಲೊಸ್ ಪ್ರಾಂತದಲ್ಲಿ ಅಂತಹ ಒಬ್ಬ ಉಪಾಧ್ಯಾಯನಿದ್ದ. ಅವನ ಹೆಸರು ಓತಿಲಿಯೊ ಮೊಂತಾನ್ಯೊ. ಎಮಿಲಿಯಾನೊ ಜಪಾಟಾನ ಹೆಸರನ್ನು ಕೇಳದವರು ವಿರಳ. ದೊಡ್ಡ ಟೋಪಿ, ದಟ್ಟ ಮೀಸೆ, ಎದೆಗೆ ಅಡ್ಡಲಾಗಿ ತೋಟಾಗಳ ಪಟ್ಟಿ ಧರಿಸಿದ ಆ ರೈತನಾಯಕನ ಭಾವಚಿತ್ರ ಲೋಕಪ್ರಸಿದ್ಧ. ಆದರೆ ಅವನ ಪಕ್ಕದಲ್ಲಿ ಕುಳಿತು, ಅವನ ಮನಸ್ಸಿನಲ್ಲಿದ್ದುದನ್ನು ಕಾಗದದ ಮೇಲೆ ಇಳಿಸಿದವನ ಹೆಸರು ಆ ದೇಶದ ಹೊರಗೆ ಹೆಚ್ಚು ಜನಕ್ಕೆ ತಿಳಿಯದು. ಅವನನ್ನು ಕೊಂದವರು ಶತ್ರುಗಳಲ್ಲ, ಅವನ ಸಂಗಡಿಗರೇ ಎಂಬುದು ಇನ್ನೂ ಕಡಿಮೆ ಜನಕ್ಕೆ ತಿಳಿದ ಸಂಗತಿ.

ಮೊರೆಲೊಸ್ ಚಿಕ್ಕ ಪ್ರಾಂತ. ಮೆಕ್ಸಿಕೊ ನಗರದಿಂದ ದಕ್ಷಿಣಕ್ಕೆ ಬೆಟ್ಟಗಳನ್ನು ಇಳಿದರೆ ಸಿಕ್ಕುವ ಬೆಚ್ಚಗಿನ ಕಣಿವೆಗಳ ನಾಡು. ಕಬ್ಬಿಗೆ ಹೇಳಿಮಾಡಿಸಿದ ನೆಲ. ಸ್ಪೇನಿನವರ ಕಾಲದಿಂದಲೂ ಅಲ್ಲಿ ಸಕ್ಕರೆಯ ಜಮೀನುದಾರಿಗಳಿದ್ದವು. ಅವನ್ನು ಆ ದೇಶದವರು ಹಸಿಯೆಂಡಾ ಎನ್ನುತ್ತಾರೆ. ಅವುಗಳ ಮಗ್ಗುಲಲ್ಲಿಯೇ ಹಳ್ಳಿಗಳೂ ಇದ್ದವು. ಹಳ್ಳಿಗಳಿಗೆ ಸೇರಿದ ಸಾಮೂಹಿಕ ಭೂಮಿ, ನೀರು, ಕಾಡುಗಳೂ ಇದ್ದವು. ಇಬ್ಬರ ನಡುವೆ ಜಗಳ ಹೊಸದಾಗಿರಲಿಲ್ಲ. ಆದರೂ ಹೇಗೋ ಎರಡೂ ಬದುಕಿಕೊಂಡು ಬಂದಿದ್ದವು.

ಈ ಸಮತೂಕ ಕೆಟ್ಟದ್ದು ಪೊರ್ಫಿರಿಯೊ ದಿಯಾಸನ ಆಳ್ವಿಕೆಯಲ್ಲಿ. 1876ರಲ್ಲಿ ಅಧಿಕಾರ ಹಿಡಿದ ಆ ಸೇನಾನಿ, ನಡುವಿನ ನಾಲ್ಕು ವರ್ಷ ಬಿಟ್ಟರೆ 1911ರ ವರೆಗೂ ದೇಶವನ್ನು ಆಳಿದ. ರೈಲು ಬಂದಿತು, ವಿದೇಶಿ ಬಂಡವಾಳ ಬಂದಿತು, ಯಂತ್ರಗಳು ಬಂದವು. 1881ರಲ್ಲಿ ರೈಲುದಾರಿ ಮೊರೆಲೊಸಿನ ಕುವಾಟ್ಲಾ ಪಟ್ಟಣವನ್ನು ತಲುಪಿತು. ಅದರ ಮೇಲೆ ಹೊಸ ಸಕ್ಕರೆ ಯಂತ್ರಗಳು ಇಳಿದವು. ಯಂತ್ರದ ಹೊಟ್ಟೆ ದೊಡ್ಡದು. ಅದಕ್ಕೆ ಕಬ್ಬು ಸಾಲದು. ಕಬ್ಬಿಗೆ ನೆಲ ಬೇಕು, ನೀರು ಬೇಕು. ಎರಡೂ ಇದ್ದದ್ದು ಹಳ್ಳಿಗಳ ಕೈಯಲ್ಲಿ. ಒಡೆಯರು ಹಳ್ಳಿಗಳ ಹೊಲಗಳನ್ನು ಒಂದೊಂದಾಗಿ ನುಂಗತೊಡಗಿದರು. ಕೆಲವು ಹಳ್ಳಿಗಳು ಹೆಸರು ಕೂಡ ಉಳಿಯದಂತೆ ಅಳಿದುಹೋದವು.

ಗಮನಿಸಬೇಕಾದ ಮಾತೆಂದರೆ, ಈ ಕೆಲಸ ಬಹುಮಟ್ಟಿಗೆ ನಡೆದದ್ದು ಕಾಗದದ ಮೂಲಕ. ಸರ್ವೆಯ ನಕ್ಷೆ, ನ್ಯಾಯಾಲಯದ ತೀರ್ಪು, ಪಾಳುಭೂಮಿಯ ಕಾನೂನು, ನೋಂದಣಿಯ ಪುಸ್ತಕ, ಎಲ್ಲವೂ ಒಡೆಯರ ಪರವಾಗಿ ಮಾತಾಡುತ್ತಿದ್ದವು. ಹಳ್ಳಿಗಳ ಬಳಿಯೂ ಕಾಗದಗಳಿದ್ದವು. ಜಪಾಟಾನ ಊರಾದ ಅನೆನೆಕುಯಿಲ್ಕೊದ ಹಿರಿಯರು ಸ್ಪೇನಿನ ಆಳ್ವಿಕೆಯ ಕಾಲದಿಂದ ಬಂದ ದಾಖಲೆಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು. ಅವುಗಳಲ್ಲಿ ಕೆಲವು ಪೂರ್ವಿಕರ ನಹುವಾತ್ಲ್ ಭಾಷೆಯಲ್ಲಿದ್ದು, ಊರಿನಲ್ಲಿ ಓದಬಲ್ಲವರೇ ಇರಲಿಲ್ಲ. 1909ರಲ್ಲಿ ವೃದ್ಧರು ತಮ್ಮ ಹೊಣೆಯನ್ನು ಇಳಿಸಿ, ಮೂವತ್ತರ ಯುವಕ ಜಪಾಟಾನನ್ನು ಊರಿನ ಮುಖಂಡನನ್ನಾಗಿ ಆರಿಸಿದಾಗ ಅವನ ಕೈಗೆ ಒಪ್ಪಿಸಿದ್ದು ಈ ಪೆಟ್ಟಿಗೆಯನ್ನು. ಅವನು ಅದರ ಅರ್ಥವನ್ನು ತಿಳಿಯಲು ಓದಬಲ್ಲವರನ್ನು ಹುಡುಕಿಸಿದ. ಮರುವರ್ಷ ಬಿತ್ತನೆಯ ಹೊತ್ತಿಗೆ ಪಕ್ಕದ ಹಸಿಯೆಂಡಾದವರು ಹಳ್ಳಿಯವರಿಗೆ ಉಳಲು ನೆಲವನ್ನು ಕೊಡಲಿಲ್ಲ. ಅನೆನೆಕುಯಿಲ್ಕೊದವರಿಗೆ ಬಿತ್ತಬೇಕೆನಿಸಿದರೆ ಹೂಕುಂಡದಲ್ಲಿ ಬಿತ್ತಿಕೊಳ್ಳಲಿ ಎಂದು ಅಲ್ಲಿನ ಮೇಲ್ವಿಚಾರಕ ಹಂಗಿಸಿದನೆಂದು ಆ ಸೀಮೆಯಲ್ಲಿ ಬಹುಕಾಲ ಹೇಳಿಕೊಳ್ಳುತ್ತಿದ್ದರು.

ಅನೆನೆಕುಯಿಲ್ಕೊದ ನೆರೆಯ ಊರು ಅಯಾಲಾ. ಓತಿಲಿಯೊ ಮೊಂತಾನ್ಯೊ ಮೊರೆಲೊಸಿನ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿ ಈ ಸೀಮೆಯನ್ನು ಚೆನ್ನಾಗಿ ಬಲ್ಲವನು. ಭಾರಿ ಪಂಡಿತನೇನೂ ಅಲ್ಲ. ಪತ್ರಿಕೆಗಳನ್ನೂ ಕೈಗೆ ಸಿಕ್ಕ ಪುಸ್ತಕಗಳನ್ನೂ ಓದಿ, ಸ್ವಂತವಾಗಿ ಯೋಚಿಸಿ, ಆವೇಶದಿಂದ ಮಾತಾಡುವ ಸ್ವಭಾವ ಅವನದು. ಅಯಾಲಾದಲ್ಲಿ ಇನ್ನೊಬ್ಬ ಉಪಾಧ್ಯಾಯನೂ ಇದ್ದ: ಪಾಬ್ಲೊ ತೊರ್ರೆಸ್ ಬುರ್ಗೊಸ್. ಶಾಂತ ಸ್ವಭಾವದವನು, ಕಾನೂನಿನ ವ್ಯವಹಾರ ಬಲ್ಲವನು, ಹಳ್ಳಿಗರ ಪರವಾಗಿ ಕಚೇರಿ ಅಲೆದವನು. ಮೊರೆಲೊಸಿನ ಕ್ರಾಂತಿಗೆ ಮೊದಲ ನಾಯಕನಾದವನು ಜಪಾಟಾ ಅಲ್ಲ, ಈ ತೊರ್ರೆಸ್ ಬುರ್ಗೊಸ್.

ಉತ್ತರದ ಶ್ರೀಮಂತ ಮನೆತನದ ಫ್ರಾನ್ಸಿಸ್ಕೊ ಮದೇರೊ ಎಂಬಾತ 1910ರ ಚುನಾವಣೆಯಲ್ಲಿ ದಿಯಾಸನ ವಿರುದ್ಧ ನಿಂತು, ಸೆರೆಯನ್ನು ಕಂಡು, ಗಡಿ ದಾಟಿ, ದೇಶವೆಲ್ಲ ದಂಗೆಯೇಳಬೇಕೆಂದು ಕರೆಕೊಟ್ಟಿದ್ದ. ಅವನ ಘೋಷಣಾಪತ್ರದಲ್ಲಿ ಬಹುಪಾಲು ರಾಜಕೀಯದ ಮಾತು. ಆದರೆ ಅದರ ಮೂರನೆಯ ವಿಧಿಯಲ್ಲಿ, ಅನ್ಯಾಯವಾಗಿ ಕಿತ್ತುಕೊಂಡ ಭೂಮಿಯನ್ನು ಹಿಂದಿನವರಿಗೆ ಹಿಂದಿರುಗಿಸಬೇಕೆಂಬ ಒಂದು ಮಾತಿತ್ತು. ಮೊರೆಲೊಸಿನ ರೈತರಿಗೆ ಉಳಿದುದೆಲ್ಲ ಹೊಟ್ಟು, ಅದೊಂದೇ ಕಾಳು. ತೊರ್ರೆಸ್ ಬುರ್ಗೊಸ್ ಅಮೆರಿಕದ ಟೆಕ್ಸಾಸಿನ ವರೆಗೂ ಹೋಗಿ ಮದೇರೊವಿನ ಅಪ್ಪಣೆ ಪಡೆದು ಬಂದ. 1911ರ ಮಾರ್ಚ್ 11ರ ರಾತ್ರಿ ಅಯಾಲಾದಲ್ಲಿ ಹಳ್ಳಿಗರು ಪೊಲೀಸರ ಬಂದೂಕುಗಳನ್ನು ಕಿತ್ತುಕೊಂಡರು. ಚೌಕದಲ್ಲಿ ಜನರನ್ನು ಕಲೆಹಾಕಿ ತೊರ್ರೆಸ್ ಬುರ್ಗೊಸ್ ಮದೇರೊವಿನ ಪತ್ರವನ್ನು ಓದಿ ಹೇಳಿದ. ಆಗ ಮೊಂತಾನ್ಯೊ ಹಸಿಯೆಂಡಾಗಳು ಅಳಿಯಲಿ, ಹಳ್ಳಿಗಳು ಬಾಳಲಿ ಎಂದು ಕೂಗಿದನಂತೆ. ಒಬ್ಬ ಉಪಾಧ್ಯಾಯ ಇದ್ದ ಪತ್ರವನ್ನು ಓದಿದ. ಮತ್ತೊಬ್ಬ ಆ ಪತ್ರದಲ್ಲಿ ಇಲ್ಲದುದನ್ನು ಕೂಗಿದ. ಮೊರೆಲೊಸಿನ ಕ್ರಾಂತಿ ಮುಂದೆ ಹಿಡಿದದ್ದು ಎರಡನೆಯವನ ದಾರಿಯನ್ನು.

ತೊರ್ರೆಸ್ ಬುರ್ಗೊಸನಿಗೆ ಎರಡು ವಾರವೂ ನಾಯಕನಾಗಿರಲು ಆಗಲಿಲ್ಲ. ವಶವಾದ ಪಟ್ಟಣವೊಂದರಲ್ಲಿ ತನ್ನ ಕಡೆಯವರು ಲೂಟಿ ಮಾಡಿದುದನ್ನು ಕಂಡು ಅವನ ಮನಸ್ಸು ರೋಸಿತು. ನಾಯಕತ್ವವನ್ನು ಬಿಟ್ಟು ಮಕ್ಕಳೊಡನೆ ಮನೆಯ ಕಡೆಗೆ ಹೊರಟ. ದಾರಿಯಲ್ಲಿ ಸರ್ಕಾರದ ಪಡೆ ಅವರನ್ನು ಹಿಡಿದು ಗುಂಡಿಕ್ಕಿತು. ಕಡ್ಡಿ ಮುರಿದಂತೆ ಒಂದು ಬಾಳು ಮುಗಿದುಹೋಯಿತು. ಆ ನಂತರವೇ ಜಪಾಟಾ ಮುಂದಾಳಾದದ್ದು. ಮೊಂತಾನ್ಯೊ ಅವನ ಬಳಿಯೇ ಉಳಿದ. ಶಾಲೆಯ ಬೀಗದ ಕೈಯನ್ನು ಒಪ್ಪಿಸಿ ಹೋದ ಉಪಾಧ್ಯಾಯ ಮತ್ತೆ ಪಾಠದ ಮನೆಗೆ ಹಿಂದಿರುಗಲೇ ಇಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಘೋರ ಕಾಳಗದ ನಂತರ ಕುವಾಟ್ಲಾ ಜಪಾಟಾನ ವಶವಾಯಿತು. ಕೆಲವೇ ದಿನಗಳಲ್ಲಿ ದಿಯಾಸ್ ಅಧಿಕಾರ ಬಿಟ್ಟು ದೇಶ ತೊರೆದ. ಮದೇರೊ ರಾಜಧಾನಿಯನ್ನು ಪ್ರವೇಶಿಸಿದ. ಜಪಾಟಾ ಅವನನ್ನು ಕಂಡು ಕೇಳಿದ್ದು ಒಂದೇ ಮಾತು: ಭೂಮಿ ಯಾವಾಗ? ಮದೇರೊ ಸಜ್ಜನ; ಆದರೆ ಎಲ್ಲವೂ ಕ್ರಮವಾಗಿ, ಕಾನೂನಿನಂತೆ, ನಿಧಾನವಾಗಿ ಆಗಬೇಕೆಂದ. ಮೊದಲು ಆಯುಧಗಳನ್ನು ಒಪ್ಪಿಸಿರೆಂದ. ಜಪಾಟಾ ತನ್ನ ಬಂದೂಕನ್ನು ಹಿಡಿದು, ಮದೇರೊವಿನ ಚಿನ್ನದ ಗಡಿಯಾರವನ್ನು ತೋರಿಸಿ, ಇದನ್ನು ಈಗ ನಾನು ಬಲವಂತದಿಂದ ಕಿತ್ತುಕೊಂಡರೆ, ನಾಳೆ ನಿಮ್ಮ ಕೈಯಲ್ಲೂ ಬಂದೂಕಿದ್ದಾಗ ಹಿಂದಕ್ಕೆ ಕೇಳುವುದಿಲ್ಲವೆ, ಎಂದು ಪ್ರಶ್ನಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಉತ್ತರ ಇಬ್ಬರಿಗೂ ಗೊತ್ತಿತ್ತು. ನವೆಂಬರಿನಲ್ಲಿ ಮದೇರೊ ಅಧ್ಯಕ್ಷನಾದ. ಸಂಧಾನ ನಡೆಯುತ್ತಿದ್ದಂತೆಯೇ ಸೈನ್ಯ ಅಯಾಲಾದತ್ತ ನುಗ್ಗಿತು. ಜಪಾಟಾ ತಪ್ಪಿಸಿಕೊಂಡು ನೆರೆಯ ಪುಯೆಬ್ಲಾ ಪ್ರಾಂತದ ಗುಡ್ಡಗಳನ್ನು ಸೇರಿದ.

ಆ ಗುಡ್ಡಗಾಡಿನಲ್ಲಿ ಮೊಂತಾನ್ಯೊ ತನ್ನ ಬಾಳಿನ ಮುಖ್ಯ ಕೆಲಸವನ್ನು ಮಾಡಿದ. ಸರ್ಕಾರದ ಪತ್ರಿಕೆಗಳು ಜಪಾಟಾನನ್ನು ದರೋಡೆಗಾರನೆಂದು ಕರೆಯುತ್ತಿದ್ದವು. ತಾವು ದರೋಡೆಗಾರರಲ್ಲವೆಂದು ಲೋಕಕ್ಕೆ ತಿಳಿಸಬೇಕು. ತಾವು ಏತಕ್ಕಾಗಿ ಹೋರಾಡುತ್ತಿರುವೆವೆಂಬುದನ್ನು ಸ್ಪಷ್ಟವಾಗಿ ಬರೆದಿಡಬೇಕು. ಜಪಾಟಾನಿಗೆ ವಿಷಯ ಗೊತ್ತಿತ್ತು. ಬರೆಯಲು ಕೈ ಬೇಕಾಗಿತ್ತು. ಇಬ್ಬರೂ ಕುಳಿತು ಚರ್ಚಿಸಿದರು. ಒಬ್ಬ ಹೇಳಿದ, ಒಬ್ಬ ಬರೆದ. ಹೀಗೆ ಹುಟ್ಟಿದುದೇ ಅಯಾಲಾ ಯೋಜನೆ. 1911ರ ನವೆಂಬರ್ 28ರಂದು ಅಯೋಶುಸ್ತ್ಲಾ ಎಂಬ ಪುಟ್ಟ ಬೆಟ್ಟದ ಊರಿನಲ್ಲಿ ಅದನ್ನು ಎಲ್ಲರ ಮುಂದೆ ಓದಲಾಯಿತು. ಹೆದರಿಕೆಯಿಲ್ಲದವರು ಮುಂದೆ ಬಂದು ಸಹಿ ಹಾಕಲೆಂದು ಜಪಾಟಾ ಹೇಳಿದನಂತೆ. ಸಹಿ ಹಾಕಿದವರಲ್ಲಿ ಹೆಚ್ಚಿನವರು ನೇಗಿಲು ಹಿಡಿದ ಕೈಯವರು. ಮೊಂತಾನ್ಯೊವೂ ಸೇನಾನಿಯ ಪದವಿಯೊಡನೆ ಸಹಿ ಹಾಕಿದ.

ಅದು ಚೆಲುವಾದ ಗದ್ಯವೇನೂ ಅಲ್ಲ. ವಾಕ್ಯಗಳು ಉದ್ದುದ್ದ, ಒಂದರೊಳಗೊಂದು ತೊಡರಿಕೊಂಡಿವೆ, ಬೈಗುಳವೂ ಸಾಕಷ್ಟಿದೆ. ಪಟ್ಟಣದ ವಿದ್ಯಾವಂತರು ಅದನ್ನು ಓದಿ ನಕ್ಕರು. ರಾಜಧಾನಿಯ ಪತ್ರಿಕೆಯೊಂದು ಅದನ್ನು ಅಚ್ಚುಮಾಡಲು ಅನುಮತಿ ಕೇಳಿದಾಗ, ಜಪಾಟಾ ಎಂತಹ ಹುಚ್ಚನೆಂಬುದು ಎಲ್ಲರಿಗೂ ತಿಳಿಯಲೆಂದು ಮದೇರೊ ಒಪ್ಪಿದನಂತೆ. 1911ರ ಡಿಸೆಂಬರ್ 15ರಂದು ಅದು ಪ್ರಕಟವಾಯಿತು. ನಕ್ಕವರು ಹೋದರು, ಪತ್ರ ಉಳಿಯಿತು.

ಉಳಿದುದಕ್ಕೆ ಕಾರಣ ಅದರ ಹದಿನೈದು ವಿಧಿಗಳಲ್ಲಿ ಅಡಗಿದ್ದ ಕೆಲವು ಸಾಲುಗಳು. ಆರನೆಯ ವಿಧಿಯನ್ನು ನೋಡಿದರೆ ಸಾಕು. ಭೂಮಿ, ಕಾಡು, ನೀರುಗಳನ್ನು ಕಳೆದುಕೊಂಡ ಹಳ್ಳಿಗಳೂ ಜನರೂ, ತಮ್ಮ ಬಳಿ ಅವುಗಳ ಹಕ್ಕುಪತ್ರವಿದ್ದರೆ, ಈ ಕ್ಷಣವೇ ಅವನ್ನು ವಶಪಡಿಸಿಕೊಳ್ಳಬೇಕು, ಆಯುಧ ಹಿಡಿದು ಉಳಿಸಿಕೊಳ್ಳಬೇಕು ಎಂಬುದು ಅದರ ಸಾರ. ತಮಗೆ ಹಕ್ಕಿದೆಯೆನ್ನುವ ಜಮೀನುದಾರರು ಕ್ರಾಂತಿ ಗೆದ್ದ ಮೇಲೆ ಸ್ಥಾಪಿಸಲಾಗುವ ವಿಶೇಷ ನ್ಯಾಯಾಲಯಗಳಿಗೆ ಹೋಗಿ ಅದನ್ನು ಸಾಬೀತು ಮಾಡಿಕೊಳ್ಳಲಿ. ಎಷ್ಟೋ ತಲೆಮಾರುಗಳಿಂದ ಬಡವ ಕಾಗದ ಹಿಡಿದು ಕಚೇರಿಯ ಬಾಗಿಲು ಕಾಯುತ್ತಿದ್ದ, ಒಡೆಯ ಹೊಲದಲ್ಲಿ ನಿಂತಿದ್ದ. ಮೊಂತಾನ್ಯೊವಿನ ಲೇಖನಿ ಅವರಿಬ್ಬರ ಜಾಗಗಳನ್ನು ಅದಲುಬದಲು ಮಾಡಿತು. ಇನ್ನು ಮುಂದೆ ಬಡವ ಹೊಲದಲ್ಲಿ ನಿಲ್ಲುತ್ತಾನೆ, ಒಡೆಯ ಬಾಗಿಲು ಕಾಯುತ್ತಾನೆ. ನ್ಯಾಯಾಲಯದ ಒಳಹೊರಗನ್ನು ಕಂಡವರಿಗೆ ಮಾತ್ರ ಹೊಳೆಯಬಹುದಾದ ಉಪಾಯವಿದು.

ಏಳನೆಯ ವಿಧಿ ಮತ್ತೊಂದು ಮೆಟ್ಟಿಲು ಮೇಲಕ್ಕೆ ಹೋಯಿತು. ಹಕ್ಕುಪತ್ರವೇ ಇಲ್ಲದ ಬಡವರ ಗತಿಯೇನು? ಅವರಿಗಾಗಿ ದೊಡ್ಡ ಒಡೆತನಗಳ ಮೂರರಲ್ಲೊಂದು ಪಾಲನ್ನು ಪರಿಹಾರ ಕೊಟ್ಟು ತೆಗೆದುಕೊಳ್ಳಬೇಕು. ಎಂಟನೆಯದು ಎಚ್ಚರಿಕೆ: ಈ ಯೋಜನೆಗೆ ಅಡ್ಡಬರುವವರ ಆಸ್ತಿಯೆಲ್ಲ ರಾಷ್ಟ್ರದ್ದಾಗುವುದು. ಎಲ್ಲವನ್ನೂ ಎಲ್ಲರಿಂದಲೂ ಕಿತ್ತುಕೊಳ್ಳುವ ಮಾತು ಇಲ್ಲಿಲ್ಲ. ಹಳ್ಳಿಯೂ ಬದುಕಬೇಕು, ಬದುಕಲು ಎಷ್ಟು ಬೇಕೋ ಅಷ್ಟು ನೆಲ ಬೇಕು ಎಂಬ ರೈತನ ಲೆಕ್ಕ ಅದರ ಹಿಂದೆ ಇದೆ.

ಆ ಪತ್ರವನ್ನು ಮೊರೆಲೊಸಿನವರು ಶಾಸನದಂತೆ ಕಂಡರು. 1913ರ ಫೆಬ್ರವರಿಯಲ್ಲಿ ಸೇನಾಪತಿ ಹುಯೆರ್ತಾ ಮದೇರೊವಿಗೆ ದ್ರೋಹ ಬಗೆದು ಅಧಿಕಾರ ಹಿಡಿದ, ಮದೇರೊ ಕೊಲೆಯಾದ. ಜಪಾಟಾ ಹೊಸಬನಿಗೂ ತಲೆಬಾಗಲಿಲ್ಲ. 1914ರ ಜುಲೈಯಲ್ಲಿ ಹುಯೆರ್ತಾನೂ ಓಡಿಹೋದ. ಉತ್ತರದ ನಾಯಕ ವೆನುಸ್ತಿಯಾನೊ ಕರಾನ್ಸಾ ತಾನೇ ಕ್ರಾಂತಿಯ ಒಡೆಯನೆಂದಾಗ ಜಪಾಟಾನಿಂದ ಹೋದ ಉತ್ತರ ಒಂದೇ: ಮೊದಲು ಅಯಾಲಾ ಯೋಜನೆಗೆ ಸಹಿ ಹಾಕು. ಆ ವರ್ಷದ ಅಕ್ಟೋಬರಿನಲ್ಲಿ ಅಗುವಾಸ್ಕಾಲಿಯೆಂತೆಸ್ ಪಟ್ಟಣದಲ್ಲಿ ಸೇರಿದ ಕ್ರಾಂತಿಕಾರರ ಮಹಾಸಭೆ ಯೋಜನೆಯ ಮುಖ್ಯ ವಿಧಿಗಳನ್ನು ತತ್ತ್ವತಃ ಅಂಗೀಕರಿಸಿತು. ಗುಡ್ಡದ ಮೇಲೆ ಬರೆದದ್ದು ಮೂರು ವರ್ಷಗಳಲ್ಲಿ ದೇಶದ ಸಭೆಯನ್ನು ತಲುಪಿತ್ತು.

ಮೊಂತಾನ್ಯೊವಿನ ಬಾಳಿನಲ್ಲಿ ಅದು ಉಚ್ಛ್ರಾಯದ ಕಾಲ. 1914ರ ಡಿಸೆಂಬರ್ 4ರಂದು ರಾಜಧಾನಿಯ ಬಳಿಯ ಸೊಚಿಮಿಲ್ಕೊದಲ್ಲಿ ಜಪಾಟಾ ಮತ್ತು ಉತ್ತರದ ವೀರ ಪಾಂಚೊ ವಿಲ್ಲಾ ಮೊದಲ ಬಾರಿಗೆ ಭೇಟಿಯಾದರು. ಊರಿನ ಜನ ಹೂಮಾಲೆ, ವಾದ್ಯಗಳೊಡನೆ ನೆರೆದಿದ್ದರು. ವಿಲ್ಲಾನನ್ನು ಎದುರುಗೊಂಡು ಸ್ವಾಗತದ ಭಾಷಣ ಮಾಡಿದವನು ಮೊಂತಾನ್ಯೊ. ಇಬ್ಬರು ನಾಯಕರೂ ಕುಳಿತು ಮಾತಾಡಿದ್ದು ಒಂದು ಶಾಲೆಯ ಕಟ್ಟಡದಲ್ಲಿ. ಮರುವರ್ಷ ಮಹಾಸಭೆಯ ಸರ್ಕಾರದಲ್ಲಿ ಅವನು ಸಾರ್ವಜನಿಕ ಶಿಕ್ಷಣದ ಮಂತ್ರಿಯೂ ಆದ. ಹಳ್ಳಿಶಾಲೆಯ ಉಪಾಧ್ಯಾಯ ದೇಶದ ಶಾಲೆಗಳಿಗೆಲ್ಲ ಹಿರಿಯನಾದನೆಂದರೆ ಕಥೆ ಇಲ್ಲಿಗೆ ಮಂಗಳವಾಗಬೇಕಾಗಿತ್ತು. ಆದರೆ ಆ ಸರ್ಕಾರ ಹೆಸರಿಗೆ ಮಾತ್ರ ಸರ್ಕಾರ. ವಿಲ್ಲಾ ಯುದ್ಧಗಳಲ್ಲಿ ಸೋತ. ರಾಜಧಾನಿ ಕರಾನ್ಸಾನ ಪಾಲಾಯಿತು. ಮಂತ್ರಿಯಾದವನು ಮತ್ತೆ ಮೊರೆಲೊಸಿನ ಬೆಟ್ಟಗಳಿಗೆ ಹಿಂದಿರುಗಿದ.

ಇಷ್ಟರಲ್ಲಿ ಜಪಾಟಾನ ಪಾಳೆಯವೂ ಮೊದಲಿನಂತೆ ಇರಲಿಲ್ಲ. ರಾಜಧಾನಿಯಿಂದ ಹೊಸ ವಿದ್ಯಾವಂತರು ಬಂದು ಸೇರಿದ್ದರು. ವಕೀಲ ಸೊತೊ ಇ ಗಾಮಾ ಅದ್ಭುತ ವಾಗ್ಮಿ. ಮಾನುಯೆಲ್ ಪಲಾಫೊಕ್ಸ್ ಚುರುಕು ಬುದ್ಧಿಯ ಆಡಳಿತಗಾರ, ಅಷ್ಟೇ ಗರ್ವಿಷ್ಠ. ಗಿಲ್ದಾರ್ದೊ ಮಗಾನ್ಯಾ ಸಂಧಾನದಲ್ಲಿ ನಿಪುಣ. ಮೊದಲು ಒಬ್ಬನೇ ಲೇಖನಿ ಹಿಡಿದವನಿದ್ದ ಪಾಳೆಯದಲ್ಲಿ ಈಗ ಲೇಖನಿಗಳು ಹಲವಾದವು. ನಾಯಕನ ಬಳಿ ಯಾರು ಹತ್ತಿರ ಎಂಬ ಪೈಪೋಟಿ ಹುಟ್ಟಿತು. ಹಳ್ಳಿಯ ಮಣ್ಣಿನಿಂದ ಬಂದ ಮೊಂತಾನ್ಯೊವಿನ ಹಳೆಯ ಸ್ಥಾನ ಮೆಲ್ಲಗೆ ಸಡಿಲವಾಗತೊಡಗಿತು.

ಹೊರಗಿನ ಸ್ಥಿತಿ ಇನ್ನೂ ದಾರುಣ. 1916ರಲ್ಲಿ ಕರಾನ್ಸಾನ ಸೇನಾಪತಿ ಪಾಬ್ಲೊ ಗೊನ್ಸಾಲೆಸ್ ಮೊರೆಲೊಸಿಗೆ ನುಗ್ಗಿದ. ಹಳ್ಳಿಗಳು ಉರಿದವು. ಜನರನ್ನು ಗುಂಪುಗುಂಪಾಗಿ ಹಿಡಿದು ದೂರಕ್ಕೆ ಸಾಗಿಸಿದರು. ಸಕ್ಕರೆಯ ಯಂತ್ರಗಳನ್ನು ಕಿತ್ತು ಗುಜರಿಯಂತೆ ಮಾರಿದರು. 1910ರ ಜನಗಣತಿಯಲ್ಲಿ ಸುಮಾರು 1,80,000 ಜನರಿದ್ದ ಆ ಪ್ರಾಂತದಲ್ಲಿ 1921ರ ಗಣತಿಗೆ ಉಳಿದವರು ಸುಮಾರು 1,03,000. ಯುದ್ಧ, ರೋಗ, ಹಸಿವು, ವಲಸೆ ಇವೆಲ್ಲವೂ ಸೇರಿ ಮಾಡಿದ ಲೆಕ್ಕವಿದು. ವರ್ಷದ ಕಡೆಗೆ ಜಪಾಟಾ ಮತ್ತೆ ಪ್ರಾಂತವನ್ನು ಗೆದ್ದುಕೊಂಡರೂ ಜನ ಬಳಲಿದ್ದರು. ಇನ್ನೆಷ್ಟು ದಿನ ಈ ಹೋರಾಟ, ಕರಾನ್ಸಾನೊಡನೆ ರಾಜಿಯಾಗಬಾರದೇಕೆ ಎಂದು ಕೆಲವರು ಯೋಚಿಸತೊಡಗಿದ್ದರು. ಪಾಳೆಯ ಬಿಟ್ಟುಹೋಗುವವರ ಸಂಖ್ಯೆ ಬೆಳೆಯಿತು. ಯಾವ ಅಪರಾಧವನ್ನಾದರೂ ಕ್ಷಮಿಸಬಹುದು, ದ್ರೋಹವನ್ನು ಮಾತ್ರ ಕ್ಷಮಿಸಲಾಗದು ಎಂಬುದು ಜಪಾಟಾನ ನಿಯಮ. ಕಷ್ಟದ ಕಾಲದಲ್ಲಿ ಅಂತಹ ನಿಯಮ ಕೋಟೆಯ ಗೋಡೆಯಂತೆ ರಕ್ಷಿಸುತ್ತದೆ. ಒಳಗಿರುವವರಿಗೆ ಅದೇ ಸೆರೆಮನೆಯೂ ಆಗುತ್ತದೆ.

1917ರ ಮೇ ತಿಂಗಳ ಮೊದಲಲ್ಲಿ ಬುಯೆನವಿಸ್ತಾ ಎಂಬ ಊರಿನಲ್ಲಿ ಜಪಾಟಾನ ವಿರುದ್ಧವೇ ದಂಗೆಯಾಯಿತು. ಮುಂದಾಳು ಲೊರೆನ್ಸೊ ವಾಸ್ಕೆಸ್. 1911ರಿಂದ ಜೊತೆಯಲ್ಲಿದ್ದು, ಹೇಡಿತನದ ಆರೋಪ ಹೊತ್ತು ಹೊರಹಾಕಲ್ಪಟ್ಟಿದ್ದವನು. ಜಪಾಟಾನ ಪಡೆಗಳು ದಂಗೆಯನ್ನು ಅಡಗಿಸಿದವು; ವಾಸ್ಕೆಸನನ್ನು ನೇಣಿಗೇರಿಸಿದರು. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಈ ದಂಗೆಯ ಹಿಂದಿರುವ ಬುದ್ಧಿ ಮೊಂತಾನ್ಯೊವಿನದು ಎಂಬ ಮಾತು ಹೊರಟಿತು. ಅವನು ಕತ್ತಿ ಹಿಡಿದನೆಂದು ಯಾರೂ ಹೇಳಲಿಲ್ಲ, ಯೋಚನೆ ಅವನದೆಂದರು. ಇಷ್ಟು ವರ್ಷ ಪಾಳೆಯದ ಯೋಚನೆಗೆ ಮಾತು ಕೊಟ್ಟವನ ಮೇಲೆ ಬಂದ ಆಪಾದನೆಯೂ ಯೋಚನೆಯದೇ.

ಜಪಾಟಾನ ಮುಖ್ಯ ಠಾಣ್ಯವಾಗಿದ್ದ ತ್ಲಾಲ್ತಿಸಪಾನಿನಲ್ಲಿ ಸೈನಿಕ ನ್ಯಾಯಾಲಯ ಕುಳಿತಿತು. ಮೊಂತಾನ್ಯೊ ತಾನು ನಿರ್ದೋಷಿಯೆಂದು ಕಡೆಯವರೆಗೂ ಹೇಳಿದ. ವಿಚಾರಣೆ ಕೆಲವೇ ದಿನಗಳಲ್ಲಿ ಮುಗಿಯಿತು. ತೀರ್ಪು ಮರಣ. ಜಪಾಟಾ ಅದನ್ನು ತಡೆಯಲಿಲ್ಲ. ಸಾಯುವ ಮುನ್ನ ಮೊಂತಾನ್ಯೊ ಒಂದು ಮರಣಪತ್ರವನ್ನು ಬರೆಸಿದ. ತನ್ನ ಮೇಲಿನ ಆಪಾದನೆ ಸುಳ್ಳೆಂದೂ, ತನ್ನನ್ನು ಅನ್ಯಾಯವಾಗಿ ಕೊಲ್ಲುತ್ತಿರುವರೆಂದೂ ಅದರಲ್ಲಿ ಹೇಳಿದ. ಹಳ್ಳಿಗಳ ದೂರನ್ನು ಲೋಕಕ್ಕೆ ಬರೆದು ತಿಳಿಸಿದವನ ಕಡೆಯ ಬರಹ ತನ್ನದೇ ಒಂದು ದೂರು. ಅದನ್ನು ಸ್ವೀಕರಿಸುವ ಕಚೇರಿ ಯಾವುದೂ ಇರಲಿಲ್ಲ. 1917ರ ಮೇ 18ರಂದು ಅವನಿಗೆ ಗುಂಡಿಕ್ಕಿದರು.

ಅವನು ನಿಜವಾಗಿಯೂ ಒಳಸಂಚಿನಲ್ಲಿದ್ದನೆ? ಇತಿಹಾಸಕಾರರು ಇನ್ನೂ ಒಂದೇ ಮಾತು ಹೇಳಿಲ್ಲ. ರಾಜಿಯ ಮಾತನ್ನು ಅವನು ಆಡಿರಬಹುದು. ಬಳಲಿದ ಜನರ ನಡುವೆ ಬದುಕಿದವನಿಗೆ ಆ ಯೋಚನೆ ಬಂದಿದ್ದರೆ ಆಶ್ಚರ್ಯವೇನು? ರಾಜಿಯ ಯೋಚನೆಗೂ ದ್ರೋಹಕ್ಕೂ ನಡುವೆ ಶಾಂತಿಕಾಲದಲ್ಲಿ ಅಗಲವಾದ ಬಯಲಿರುತ್ತದೆ. ಯುದ್ಧಕಾಲದಲ್ಲಿ ಅದು ಕೂದಲೆಳೆಯಷ್ಟಾಗುತ್ತದೆ. ಅವನ ಪ್ರತಿಸ್ಪರ್ಧಿ ಪಲಾಫೊಕ್ಸ್ ಮರುವರ್ಷವೇ ಪಾಳೆಯವನ್ನು ಬಿಟ್ಟು ಓಡಿದ. ಜಪಾಟಾನ ಅಣ್ಣ ಯುಫೆಮಿಯೊ ಮೊಂತಾನ್ಯೊ ಸತ್ತ ಮುಂದಿನ ತಿಂಗಳಲ್ಲಿಯೇ ಸ್ವಪಕ್ಷದವನೊಬ್ಬನ ಕೈಯಲ್ಲಿ ಹತನಾದ. ಅನುಮಾನ ಒಮ್ಮೆ ಮನೆಯೊಳಗೆ ಬಂದರೆ ಒಬ್ಬರನ್ನು ಬಲಿ ತೆಗೆದುಕೊಂಡು ಸುಮ್ಮನೆ ಹೋಗುವುದಿಲ್ಲ.

ಇದೇ ವರ್ಷದ ಫೆಬ್ರವರಿ 5ರಂದು ಕೆರೆತಾರೊ ನಗರದಲ್ಲಿ ಕರಾನ್ಸಾನ ಪಕ್ಷದವರು ಹೊಸ ಸಂವಿಧಾನವನ್ನು ಘೋಷಿಸಿದ್ದರು. ಆ ಸಭೆಯಲ್ಲಿ ಜಪಾಟಾನ ಕಡೆಯವರು ಯಾರೂ ಇರಲಿಲ್ಲ. ಆದರೂ ಅದರ 27ನೆಯ ವಿಧಿ, ನೆಲಜಲಗಳ ಮೂಲ ಒಡೆತನ ರಾಷ್ಟ್ರದ್ದೆಂದು ಸಾರಿತು. ಹಳ್ಳಿಗಳಿಂದ ಕಿತ್ತುಕೊಂಡ ಭೂಮಿಯನ್ನು ಅವಕ್ಕೆ ಹಿಂದಿರುಗಿಸಬೇಕೆಂದಿತು. ಇಲ್ಲದ ಹಳ್ಳಿಗಳಿಗೆ ದೊಡ್ಡ ಒಡೆತನಗಳಿಂದ ತೆಗೆದು ಕೊಡಬೇಕೆಂದಿತು. ಐದು ವರ್ಷ ಹಿಂದೆ ಗುಡ್ಡದ ಊರಿನಲ್ಲಿ ಓದಿದ ಪತ್ರದ ದನಿ ಅದರಲ್ಲಿ ಕೇಳದಿರದು. ಶತ್ರುವಿನ ಶಾಸನದಲ್ಲಿ ಮೊಂತಾನ್ಯೊವಿನ ಮಾತಿಗೆ ಜಾಗ ಸಿಕ್ಕಿ ಮೂರು ತಿಂಗಳು ಕಳೆದಿತ್ತು. ಮಿತ್ರರ ನಡುವೆ ಅವನಿಗೇ ಜಾಗ ಇಲ್ಲವಾಯಿತು.

1919ರ ಏಪ್ರಿಲ್ 10ರಂದು ಚಿನಮೆಕಾ ಹಸಿಯೆಂಡಾದ ಬಾಗಿಲಲ್ಲಿ ಜಪಾಟಾನನ್ನು ಮೋಸದಿಂದ ಕೊಂದರು. ತನ್ನ ಪಕ್ಷಕ್ಕೆ ಬರುವೆನೆಂದು ನಟಿಸಿದ ಕರಾನ್ಸಾನ ಅಧಿಕಾರಿಯೊಬ್ಬನನ್ನು ಅವನು ನಂಬಿದ್ದ. ತನ್ನವನನ್ನು ಅನುಮಾನಿಸಿದವನು ಅನ್ಯನನ್ನು ನಂಬಿ ಕೆಟ್ಟದ್ದು ಆ ಕಾಲದ ಕ್ರೂರ ನಗೆ. ಮಗಾನ್ಯಾ ಉಳಿದವರನ್ನು ಕೂಡಿಸಿ, 1920ರಲ್ಲಿ ಕರಾನ್ಸಾನನ್ನು ಕೆಳಗಿಳಿಸಿದ ಅಲ್ವಾರೊ ಒಬ್ರೆಗೊನನ ಜೊತೆ ಕೈಸೇರಿಸಿದ. ಆ ಮೇಲೆ ಮೊರೆಲೊಸಿನ ಹಳ್ಳಿಗಳಿಗೆ ಭೂಮಿ ಹಿಂದಿರುಗಲು ಮೊದಲಾಯಿತು. ಹತ್ತು ವರ್ಷ ಕಳೆಯುವುದರೊಳಗೆ ಆ ಪ್ರಾಂತದ ಕಬ್ಬಿನ ನೆಲದ ಬಹುಪಾಲು ಹಳ್ಳಿಗರದಾಯಿತು. ರಾಜಿಯಿಂದಲೇ ಕಡೆಗೆ ಕೆಲಸ ಕೈಗೂಡಿತೆಂಬುದನ್ನು ಮರೆಯುವಂತಿಲ್ಲ. ಹಾಗೆಯೇ ಹತ್ತು ವರ್ಷ ಹಠ ಹಿಡಿದು ಹೋರಾಡದಿದ್ದರೆ ರಾಜಿ ಮಾಡಿಕೊಳ್ಳಲು ಯಾರೂ ಮುಂದೆ ಬರುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಮೊಂತಾನ್ಯೊವಿನ ಹೆಸರಿಗೆ ಅಂಟಿದ ಕಳಂಕವನ್ನು ಯಾವ ನ್ಯಾಯಾಲಯವೂ ತೊಳೆಯಲಿಲ್ಲ. ಆ ಕೆಲಸವನ್ನು ಒಬ್ಬ ಚಿತ್ರಕಾರ ಮಾಡಿದ. ಮೆಕ್ಸಿಕೊ ನಗರದ ಸಮೀಪದ ಚಾಪಿಂಗೊದಲ್ಲಿ, ಹಿಂದೆ ಹಸಿಯೆಂಡಾ ಆಗಿದ್ದ ಕಟ್ಟಡಗಳಲ್ಲಿ, ರಾಷ್ಟ್ರೀಯ ಕೃಷಿಶಾಲೆಯೊಂದು ನೆಲೆಗೊಂಡಿತು. ಬ್ರಿಟಿಷರ ಕಣ್ಣು ತಪ್ಪಿಸಿ ದೇಶದೇಶಗಳನ್ನು ಅಲೆದ ಭಾರತೀಯ ಕ್ರಾಂತಿಕಾರಿ, ವಾರ್ಧಾದ ಪಾಂಡುರಂಗ ಖಾನಖೋಜೆಯವರು 1924ರಿಂದ ಪಾಠ ಹೇಳಿದ್ದು ಈ ಶಾಲೆಯಲ್ಲಿಯೇ. ಅಲ್ಲಿನ ಹಳೆಯ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ದಿಯೆಗೊ ರಿವೆರಾ 1924ರಿಂದ 1927ರ ವರೆಗೆ ಚಿತ್ರಗಳನ್ನು ಬರೆದ. ಅವುಗಳಲ್ಲೊಂದರಲ್ಲಿ ಮೇಲೆ ಹುಲುಸಾಗಿ ಬೆಳೆದ ಮುಸುಕಿನ ಜೋಳ; ಕೆಳಗೆ ಮಣ್ಣಿನೊಳಗೆ ಕೆಂಪು ಹೊದಿಕೆಯಲ್ಲಿ ಮಲಗಿದ ಎರಡು ದೇಹಗಳು. ಒಂದು ಜಪಾಟಾನದು, ಇನ್ನೊಂದು ಮೊಂತಾನ್ಯೊವಿನದು. ಬಾಳಿನಲ್ಲಿ ಅಗಲಿದವರನ್ನು, ಒಬ್ಬನ ಪಾಳೆಯದಲ್ಲಿ ಇನ್ನೊಬ್ಬ ದ್ರೋಹಿಯೆಂದು ಸತ್ತವರನ್ನು, ಚಿತ್ರಕಾರ ಒಂದೇ ಹೊಲದ ಅಡಿಯಲ್ಲಿ ಮಲಗಿಸಿದ. ಮೇಲಿನ ಬೆಳೆಗೆ ಇಬ್ಬರೂ ಗೊಬ್ಬರ.

27ನೆಯ ವಿಧಿಯನ್ನು 1992ರಲ್ಲಿ ತಿದ್ದಿ ಭೂಮಿ ಹಂಚುವ ಕೆಲಸವನ್ನು ನಿಲ್ಲಿಸಲಾಯಿತು. 1994ರ ಜನವರಿ 1ರಂದು ದಕ್ಷಿಣದ ಚಿಯಾಪಾಸ್ ಪ್ರಾಂತದ ಮೂಲನಿವಾಸಿಗಳು ದಂಗೆಯೆದ್ದಾಗ ಅವರು ಇಟ್ಟುಕೊಂಡದ್ದು ಜಪಾಟಾನ ಹೆಸರನ್ನು. ವೀರನ ಹೆಸರು ಬಾವುಟದ ಮೇಲೆ ಏರುತ್ತದೆ. ಬರೆದವನ ಹೆಸರು ಕಾಗದದ ಕೆಳಗೆ ಉಳಿಯುತ್ತದೆ. ಲೋಕದ ರೂಢಿಯೇ ಅದು. ಮೊಂತಾನ್ಯೊ ಸೇನಾನಿಯಾಗಿ ಗೆದ್ದ ಯುದ್ಧಗಳನ್ನು ಈಗ ಯಾರೂ ಎಣಿಸುವುದಿಲ್ಲ; ಮಂತ್ರಿಯಾಗಿ ಹೊರಡಿಸಿದ ಆಜ್ಞೆಗಳೂ ಯಾರಿಗೂ ನೆನಪಿಲ್ಲ. ಓದಲು ಬಾರದ ಸಾವಿರಾರು ಜನರ ಮನಸ್ಸಿನಲ್ಲಿದ್ದ ಒಂದು ಮಾತನ್ನು, ವ್ಯಾಕರಣ ತಪ್ಪಿದರೂ ಅರ್ಥ ತಪ್ಪದಂತೆ, ಅವನು ಬರೆದುಕೊಟ್ಟ. ಹಳ್ಳಿಯ ಉಪಾಧ್ಯಾಯ ಎಲ್ಲ ಕಾಲದಲ್ಲಿಯೂ ಮಾಡುವ ಕೆಲಸ ಇದೇ. ಅವನ ಪಾಲಿಗೆ ಬಂದ ಅರ್ಜಿ ಮಾತ್ರ ಕೊಂಚ ದೊಡ್ಡದಾಗಿತ್ತು.